ಪುಷ್ಪಕ್ಕನ ಬಾಳೆನಾರಿನ ಗಂಟುಗಳು

ಬೆಳಗಿನ ಐದೂವರೆ. ಕಾಪು ಸಮೀಪದ ಪುಟ್ಟ ಆಯುರ್ವೇದ ಆಸ್ಪತ್ರೆಯ ಪಂಚಕರ್ಮ ವಾರ್ಡಿನಲ್ಲಿ ಇನ್ನೂ ಸರಿಯಾಗಿ ಬೆಳಕಾಗಿಲ್ಲ. ಸೊಂಟಕ್ಕೆ ಬಾಳೆನಾರಿನ ಕಟ್ಟು ಸಿಕ್ಕಿಸಿಕೊಂಡ ಹೆಂಗಸೊಬ್ಬರು ಮಂಚದಿಂದ ಮಂಚಕ್ಕೆ ನಡೆಯುತ್ತಾರೆ. ಗುಡ್ ಮಾರ್ನಿಂಗ್ ಇಲ್ಲ, ನಮಸ್ಕಾರವೂ ಇಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ: "ಎಂತ, ಹೊರಗೆ ಹೋಯ್ತಾ?"

ಇವರು ಆಯಾ ಪುಷ್ಪಾವತಿ. ವಯಸ್ಸು ಐವತ್ತೆರಡು. ಹದಿನಾಲ್ಕು ಮಂಚ, ದಿನಕ್ಕೆ ನಲವತ್ತಕ್ಕೂ ಮಿಕ್ಕಿ ಬೆಡ್‌ಪ್ಯಾನ್. ಓದುವಾಗ ನೀವು ಮೂಗು ಮುಚ್ಚಿಕೊಂಡರೆ ಅವರಿಗೇನೂ ಬೇಸರವಿಲ್ಲ. ಅವರು ಮಾತ್ರ ಮುಚ್ಚಿಕೊಳ್ಳುವುದಿಲ್ಲ. "ಬಣ್ಣ ನೋಡಬೇಕು, ವಾಸನೆ ನೋಡಬೇಕು. ಮುಖ ತಿರುಗಿಸಿದರೆ ಡಾಕ್ಟರಿಗೆ ಎಂತ ಹೇಳುವುದು?"

ಉಂಡದ್ದು ಮೈಗೆ ಹತ್ತುವುದು ಎಷ್ಟು ಮುಖ್ಯವೋ, ಉಳಿದದ್ದು ಹೊತ್ತಿಗೆ ಸರಿಯಾಗಿ ಹೊರಹೋಗುವುದೂ ಅಷ್ಟೇ ಮುಖ್ಯ ಎನ್ನುತ್ತದೆ ಆಯುರ್ವೇದ. ಅಲ್ಲಿ ಮಲ, ಮೂತ್ರ, ಬೆವರಿಗೂ ಮರ್ಯಾದೆಯ ಜಾಗವಿದೆ. ವಿರೇಚನ ಚಿಕಿತ್ಸೆಯಲ್ಲಿ ಕೆಲವು ದಿನ ತುಪ್ಪ ಕುಡಿಸಿ, ಆಮೇಲೆ ಭೇದಿಗೆ ಮದ್ದು ಕೊಡುತ್ತಾರೆ. ರೋಗಿ ಎಷ್ಟು ಸಲ ಹೋದ ಎನ್ನುವುದರ ಮೇಲೆ ಅವನ ಮುಂದಿನ ಗಂಜಿ, ಊಟ ನಿಂತಿದೆ. "ನಾಡಿ ಹಿಡಿಯುವುದು ನಾವು. ಹೊಟ್ಟೆ ಶುದ್ಧವಾಯಿತೋ ಇಲ್ಲವೋ ಎಂದು ಮೊದಲು ತಿಳಿಯುವುದು ಪುಷ್ಪಕ್ಕನಿಗೆ" ಎನ್ನುತ್ತಾರೆ ವೈದ್ಯೆ ಸೌಮ್ಯಶ್ರೀ.

ಆದರೆ ರೋಗಿಗಳಿಗೆ ನಾಚಿಕೆ, ಮರೆವು; ಕೆಲವರು ಸುಳ್ಳೂ ಹೇಳುತ್ತಾರೆ. ಅದಕ್ಕೇ ಮಂಚಕ್ಕೊಂದು ಬಾಳೆನಾರು ಕಟ್ಟಿ, ರೋಗಿ ಒಮ್ಮೆ ಹೋಗಿ ಬಂದರೆ ಅದಕ್ಕೆ ಒಂದು ಗಂಟು ಹಾಕುವುದು ಪುಷ್ಪಕ್ಕನ ಕ್ರಮ. ಕೆಮ್ಮಣ್ಣು ಊರಿನ ಮೀನು ವ್ಯಾಪಾರಿ ಗುಣಪಾಲ ನಿನ್ನೆ ಮಧ್ಯಾಹ್ನ, ಹನ್ನೆರಡು ಸಲ ಆಯಿತು, ಇನ್ನು ಊಟ ಕೊಡಿ ಎಂದು ಹಟ ಹಿಡಿದರಂತೆ. ಪುಷ್ಪಕ್ಕ ನಾರು ಎತ್ತಿ ತೋರಿಸಿದರು. ಗಂಟು ಇದ್ದದ್ದು ಆರು. "ಬಂಗುಡೆಯ ಲೆಕ್ಕದಲ್ಲಿ ಸುಳ್ಳು ನಡೆಯಬಹುದು ಮಾರಾಯ್ರೆ, ಇಲ್ಲಿ ನಡೆಯುವುದಿಲ್ಲ." ಗುಣಪಾಲ ಬಿಸಿನೀರು ಕುಡಿದು ಮತ್ತೆ ಕಕ್ಕಸಿಗೆ ಹೋದರು.

ಈ ಗಂಟು ಆಸ್ಪತ್ರೆಯಲ್ಲಿ ಕಲಿತದ್ದಲ್ಲ. ಪುಷ್ಪಾವತಿಯದು ಶಂಕರಪುರ, ಮಲ್ಲಿಗೆಯ ಊರು. ಒಂಬತ್ತನೇ ವಯಸ್ಸಿನಿಂದ ಬಾಳೆನಾರಿನಲ್ಲಿ ಮೊಗ್ಗು ಕಟ್ಟಿದವರು. ಗಂಡ ತೀರಿಕೊಂಡ ಮೇಲೆ ಈ ಕೆಲಸಕ್ಕೆ ಸೇರಿದರು. ತಿಂಗಳಾಗುವುದರೊಳಗೆ, ಜೊತೆಗೆ ಕೂತು ಹೂ ಕಟ್ಟುತ್ತಿದ್ದ ನೆರೆಯವರು ಮೆಲ್ಲಗೆ ಹೇಳಿದರು: "ಈ ಹೂ ದೇವರ ಮುಡಿಗೂ ಹೋಗ್ತದೆ ಪುಷ್ಪ. ನಿನ್ನದು ಆ ಕೆಲಸದ ಕೈ ಅಲ್ವಾ? ಬೇಡ."

ಪುಷ್ಪಾವತಿ ಜಗಳ ಮಾಡಲಿಲ್ಲ, ಎದ್ದು ಬಂದರು. ಹನ್ನೊಂದು ವರ್ಷವಾಯಿತು, ಒಂದು ಮೊಗ್ಗೂ ಕಟ್ಟಿಲ್ಲ. "ಬೆರಳು ಸುಮ್ಮನೆ ಕೂರುವುದಿಲ್ಲ ನೋಡಿ. ಅದಕ್ಕೇ ಇಲ್ಲಿ ಗಂಟು ಹಾಕಲು ಶುರು ಮಾಡಿದೆ" ಎಂದು ನಗುತ್ತಾರೆ. ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಹೊಟ್ಟೆ ಕಟ್ಟಿದರೆ ಓಡಿ ಬರುವುದು ಇದೇ ಕೈಯ ಹತ್ತಿರ ತಾನೆ?

ಕಳೆದ ವಾರ ಬೀಪಾತುಮ್ಮ ಬಂದಿದ್ದರು. ಎರಡು ವರ್ಷದ ಹಿಂದೆ ಸೊಂಟನೋವಿಗೆ ಇಲ್ಲೇ ತಿಂಗಳುಗಟ್ಟಲೆ ಮಲಗಿದ್ದ ಅಜ್ಜಿ. ಈ ಭಾನುವಾರ ಮೊಮ್ಮಗಳು ರಾಹಿಲಾಳ ಮದುವೆ. ಮದುಮಗಳ ಜಡೆಗೆ ಶಂಕರಪುರದ ಮಲ್ಲಿಗೆ ಬೇಕು, ಅದನ್ನು ಪುಷ್ಪಾವತಿಯೇ ಕಟ್ಟಬೇಕು ಎಂದರು.

"ನನ್ನ ಕೈ ಎಂತ ಕೆಲಸ ಮಾಡ್ತದೆ ಅಂತ ಗೊತ್ತುಂಟಲ್ಲ ಉಮ್ಮ?" ಎಂದು ಪುಷ್ಪಾವತಿ ಕೇಳಿದರು.

"ನನ್ನದನ್ನೇ ಎತ್ತಿದ ಕೈ. ನನಗಲ್ಲದೆ ಯಾರಿಗೆ ಗೊತ್ತು?"

ಇಂದು ನಾನು ಹೊರಡುವ ಹೊತ್ತಿಗೆ ಪುಷ್ಪಕ್ಕ, ಐದನೇ ಮಂಚದ ನಾರಿಗೆ ಗಂಟು ಬಿಗಿಯುತ್ತಾ ಹೇಳಿದರು: "ಶನಿವಾರಕ್ಕೆ ರಜೆ ಬರೆದು ಕೊಟ್ಟಿದ್ದೇನೆ. ಅರ್ಜಿಯಲ್ಲಿ ಕಾರಣ ಬರೆಯಲು ಒಂದು ಗೆರೆ ಉಂಟಲ್ಲ, ಅಲ್ಲಿ 'ಹೂ ಕಟ್ಟಲಿಕ್ಕೆ ಉಂಟು' ಅಂತ ಬರೆದೆ."