ನೆಲಕ್ಕೆ ಇಳಿಸದ ಕೂಸು

ನನ್ನ ಮೊಮ್ಮಗಳು ನಡೆದಳು. ಒಲೆಕಟ್ಟೆಯಿಂದ ಹೊಸ್ತಿಲ ತನಕ, ಯಾರ ಕೈಯನ್ನೂ ಹಿಡಿಯದೆ, ಐದು ಹೆಜ್ಜೆ. ಗುಡೇಕೋಟೆಯ ನಮ್ಮ ಓಣಿಯಲ್ಲಿ ಅವತ್ತು ನಾನು ಹೇಳದ ಮನೆ ಉಳಿಯಲಿಲ್ಲ. ಹೇಳಿ ಹೇಳಿ ಗಂಟಲು ಕಟ್ಟಿತು.

ಅವಳ ನಡಿಗೆಯನ್ನು ಅಷ್ಟು ದಿನ ತಡೆದವಳೂ ನಾನೇ. ಅದನ್ನು ಮಾತ್ರ ಯಾವ ಮನೆಯಲ್ಲೂ ಹೇಳಲಿಲ್ಲ.

ಕೂಸು ಬೋರಲು ಬೀಳುವ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಬಿತ್ತನೆಯ ಶೇಂಗಾ ಒಡೆಯುವ ಕೆಲಸ ನಡೆದಿತ್ತು. ನೆಲದ ತುಂಬ ಕಾಯಿ, ಬೀಜ, ಸಿಪ್ಪೆ. ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಸಿಕ್ಕೀತೆಂದು ಹಳೆಯ ಸೀರೆಯ ಜೋಲಿ ಕಟ್ಟಿ ಅದರಲ್ಲೇ ಇಟ್ಟೆ. ಅಲ್ಲಿಯ ತನಕ ಸರಿಯೇ. ಆದರೆ ಬಿತ್ತನೆ ಮುಗಿದ ಮೇಲೂ ಇಳಿಸಲಿಲ್ಲ. ಜೋಲಿ ಬಿಟ್ಟರೆ ನನ್ನ ಸೊಂಟ. ನೆಲ ತಣ್ಣಗಿದೆ, ಇರುವೆ ಇವೆ, ಮಣ್ಣು ತಿನ್ನುತ್ತಾಳೆ ಎಂದು ಒಂದಿಲ್ಲೊಂದು ನೆಪ. ಕೂಸು ಸೊಂಟದ ಮೇಲಿದ್ದರೆ ನನಗೇ ಹಿತ, ಅಷ್ಟೇ.

ಸೊಸೆ ಒಂದು ಸಲ ಕಂಬಳಿ ಹಾಸಿ ಬೋರಲು ಮಲಗಿಸಿದ್ದಳು. ಕೂಸು ಕೈಯೂರಿ, ತಲೆಯೆತ್ತಿ ಮುಲುಗುತ್ತಿತ್ತು.

"ಅತ್ತಿ, ತಾನಾ ಒದ್ದಾಡಿ ಕಲೀಲಿ ಬಿಡ್ರಿ."

"ನಾಕು ಹಡದಾಕಿಗೆ ನೀ ಕಲಸ್ತೀಯೇನು?" ಎಂದು ಎತ್ತಿಕೊಂಡೆ.

ವರ್ಷ ತುಂಬಿದರೂ ಅಂಬೆಗಾಲಿಲ್ಲ. ನಿಲ್ಲಿಸಿದರೆ ಕಾಲು ಮಡಚುತ್ತಿತ್ತು. "ತಾಯಿ ಹಾಲಿನಾಗ ಕಸುವಿಲ್ಲ" ಎಂದು ನೀರಿನ ಟ್ಯಾಂಕಿನ ಹತ್ತಿರ ನಾನೇ ಹೇಳಿ ಬಂದೆ. ಆ ಮಾತು ಸುತ್ತಿಕೊಂಡು ಸೊಸೆಯ ಕಿವಿ ಮುಟ್ಟಿತು. ಅವಳು ನನ್ನ ಜೊತೆ ಮಾತು ಕಡಿಮೆ ಮಾಡಿದಳು.

ಕೊನೆಗೆ ಇಬ್ಬರೂ ಕೂಸನ್ನು ಕೂಡ್ಲಿಗಿಗೆ ಒಯ್ದೆವು. ಅಲ್ಲಿಯ ಡಾಕ್ಟರಮ್ಮ ಕಾಲು ಮಡಚಿ, ಬಿಡಿಸಿ ನೋಡಿದರು.

"ಕೂಸು ಹಗಲೆಲ್ಲ ಎಲ್ಲಿರ್ತೈತಿ?"

"ನನ್ನ ಸೊಂಟದಾಗ್ರಿ," ಎಂದೆ, ದೊಡ್ಡ ಹೆಮ್ಮೆಯಿಂದ.

"ಕಾಲಿಗೇನೂ ಆಗಿಲ್ಲ, ಅಜ್ಜಿ. ನೆಲಕ್ಕ ಬಿಡ್ರಿ, ಸಾಕು."

ಸೊಸೆ ನನ್ನ ಕಡೆ ನೋಡಲೂ ಇಲ್ಲ. ಗೋಡೆ ನೋಡುತ್ತಿದ್ದಳು.

ಜೋಲಿ ಬಿಚ್ಚಿದವಳು ಅವಳೇ. ಕಂಬಳಿ ಹಾಸಿ, ಕೈಗೆಟುಕದಷ್ಟು ದೂರ ಹಿತ್ತಾಳೆ ಗಿಂಡಿ ಇಟ್ಟು ತೆವಳಿಸಿದಳು. ಕಾಳಿನ ಡಬ್ಬಿ ಹಿಡಿಸಿ ನಿಲ್ಲಿಸಿದಳು. ಐದು ತಿಂಗಳು ನಾನು ಸುಮ್ಮನೆ ಕುಳಿತು ನೋಡಿದೆ.

ಕೂಸು ನಡೆದ ಆ ಸಂಜೆ ಹೋಳಿಗೆ ಮಾಡಿ ಎಲ್ಲರೂ ಒಟ್ಟಿಗೇ ಕುಳಿತೆವು. ಮೊಮ್ಮಗಳು ತಟ್ಟೆಗಳ ನಡುವೆ ಬರುತ್ತ ನನ್ನ ಮುಂದೆಯೇ ಬಿದ್ದಳು. ಕೈ ಚಾಚಿದೆ.

"ಬ್ಯಾಡ್ರಿ ಅತ್ತಿ. ಏಳ್ತಾಳ."

ಎದ್ದಳು. ನನ್ನ ತಟ್ಟೆ ದಾಟಿ ಅವ್ವನ ಹತ್ತಿರ ಹೋದಳು.

"ಇನ್ನೊಂದು ಹಾಕ್ಕೋಬೇ ಯವ್ವಾ, ಖುಷಿ ದಿನ ಐತಿ," ಎಂದ ಮಗ. ಹಾಕಿಸಿಕೊಂಡೆ.