ಮಾವನ ಕಾರಿನ ಕಿಲುಬು

ಇವತ್ತು ಬೆಳಗ್ಗೆ ನಮ್ಮ ಟಿ.ವಿ.ಯ ರಿಮೋಟ್ ಸತ್ತುಹೋಯಿತು. ಅಂಗೈಗೆ ನಾಲ್ಕು ಸಲ ಬಡಿದೆ, ಸೆಲ್ಲುಗಳನ್ನು ಅದಲುಬದಲು ಮಾಡಿದೆ. ಇದು ಎಲ್ಲರ ಮನೆಯಲ್ಲೂ ನಡೆಯುವ ಪ್ರಥಮ ಚಿಕಿತ್ಸೆ, ನಿಮಗೂ ಗೊತ್ತಿರುತ್ತದೆ. ಕೊನೆಗೆ ಸೆಲ್ ಕೂರುವ ಗೂಡಿನೊಳಗೆ ಇಣುಕಿದರೆ ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು. ಬೇರೆಯವರಾದರೆ ಹೊಸ ರಿಮೋಟ್ ತರುತ್ತಿದ್ದರು. ನಾನು ಸ್ಯಾಂಡ್ ಪೇಪರಿನ ತುಂಡೊಂದನ್ನು ಹುಡುಕಿಕೊಂಡು ಜಗಲಿಯಲ್ಲಿ ಕೂತೆ. ಕಿಲುಬು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಈ ಚಟ ಹತ್ತಿಸಿದವರು ನನ್ನ ಮಾವ, ಅಂದರೆ ಗಂಡನ ತಂದೆ.

ಮಾವ ಇಚಿಲಂಪಾಡಿಯಿಂದ ಕಡಬ, ಪುತ್ತೂರು ಎಂದು ಮೂವತ್ತು ವರ್ಷ ಬಾಡಿಗೆ ಕಾರು ಓಡಿಸಿದವರು. ಸ್ಟಿಯರಿಂಗಿನ ಕುತ್ತಿಗೆಯಲ್ಲೇ ಗೇರು ಇರುವ ಹಳೆ ಕಾಲದ ಬಿಳಿ ಕಾರು ಅದು. ಊರಿನ ಹೆಚ್ಚಿನ ಬಸುರಿಯರು ಪುತ್ತೂರಿನ ಆಸ್ಪತ್ರೆಗೆ ಹೋದದ್ದು ಅದರಲ್ಲೇ. ಒಂದು ಮಗು ಮಾತ್ರ ಆಸ್ಪತ್ರೆಯವರೆಗೆ ಕಾಯದೆ ಹಿಂದಿನ ಸೀಟಿನಲ್ಲೇ ಹುಟ್ಟಿತಂತೆ. ಆ ಮಗು ಈಗ ದೊಡ್ಡ ಮೀಸೆಯ ಮೇಷ್ಟ್ರು. ಆದ್ದರಿಂದ ಹೆಸರು ಬೇಡ.

ನಾನು ಮರ್ಕಂಜದಿಂದ ಸೊಸೆಯಾಗಿ ಬಂದ ಮೇಲೆ ಮಾವ ಮತ್ತು ನಾನು ಮಾತಾಡುತ್ತಿದ್ದದ್ದು ಕಾಫಿ ಲೋಟದ ಮೂಲಕ. ನಾನು ಲೋಟ ಇಡುವಾಗ ಸ್ವಲ್ಪ ಶಬ್ದ ಮಾಡುತ್ತಿದ್ದೆ, ಅವರು ಕುಡಿದು ಇಡುವಾಗ ಸ್ವಲ್ಪ ಶಬ್ದ ಮಾಡುತ್ತಿದ್ದರು. ಮೂರು ವರ್ಷ ಇಷ್ಟೇ. ಜಗಳ ಏನೂ ಇರಲಿಲ್ಲ. ಅತ್ತೆ ಇದ್ದಿದ್ದರೆ ನಡುವೆ ನಿಂತು ಮಾತಾಡಿಸುತ್ತಿದ್ದರೋ ಏನೋ, ಅವರು ನಾನು ಬರುವ ಮೊದಲೇ ತೀರಿಕೊಂಡಿದ್ದರು.

ನಾನು ಬಂದ ವರ್ಷವೇ ಮಾವನ ಕಣ್ಣು ಮಂಜಾಗುತ್ತ ಬಂತು. ಇನ್ನು ಕಾರು ಬಿಡಬಾರದು ಎಂದು ಕಣ್ಣಿನ ಡಾಕ್ಟ್ರು ಖಡಾಖಂಡಿತ ಹೇಳಿಬಿಟ್ಟರು. ಮಾವ ಬಾಡಿಗೆ ನಿಲ್ಲಿಸಿದರು. ಆದರೆ ದಿನಾ ಬೆಳಗ್ಗೆ ಹಳೆ ಪಂಚೆಯ ತುಂಡು ಹಿಡಿದು ಶೆಡ್ಡಿಗೆ ಹೋಗುವುದು, ಓಡದ ಕಾರನ್ನು ಒರೆಸುವುದು, ಸ್ವಲ್ಪ ಹೊತ್ತು ಡ್ರೈವರ್ ಸೀಟಿನಲ್ಲಿ ಕೂತು ಬರುವುದು ಮಾತ್ರ ನಿಲ್ಲಲಿಲ್ಲ. ಆಮೇಲೆಯೇ ಕಾಫಿ.

ನನ್ನ ಗಂಡ ಸೊಸೈಟಿಯಲ್ಲಿ ಗುಮಾಸ್ತರು. ಯಾವುದೇ ವಿಷಯ ಇರಲಿ, ಫೈಲು ಮುಚ್ಚಿ ಕಪಾಟಿಗೆ ಹಾಕಿದ ಮೇಲೆಯೇ ಅವರಿಗೆ ನಿದ್ದೆ. ಎರಡು ಮಳೆಗಾಲ ಶೆಡ್ಡಿನಲ್ಲೇ ನಿಂತ ಕಾರೂ ಅವರಿಗೊಂದು ಮುಚ್ಚದ ಫೈಲು. ಸುಳ್ಯದ ಒಬ್ಬರು ಮದುವೆ ಬಾಡಿಗೆಗೆ ಇಂಥ ಹಳೆ ಕಾರು ಹುಡುಕುತ್ತಿದ್ದಾರೆ, ಎಲ್ಲ ಸರಿ ಇದ್ದರೆ ಅವರು ಒಯ್ಯುತ್ತಾರೆ, ಇಲ್ಲದಿದ್ದರೆ ಗುಜರಿಯೇ ಗತಿ ಎಂದು ತಂದೆಗೆ ಹೇಳಿದರು. ಮಾವ, ಗುಜರಿಗೆ ಮಾತ್ರ ಬೇಡ, ಸರಿ ಮಾಡಿಯೇ ಕೊಡುವ ಎಂದರು. ಸುಳ್ಯದವರು ಬರಲು ಮೂರು ವಾರ ಇತ್ತು.

ಎಂಜಿನ್ ಮೊದಲ ದಿನವೇ ಕೆಮ್ಮಿ ಎದ್ದಿತು. ಆದರೆ ಲೈಟಿಲ್ಲ, ಹಾರ್ನಿಲ್ಲ, ವೈಪರ್ ಇಲ್ಲ. ಮಾವ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮೂರು ವರ್ಷದಲ್ಲಿ ನನ್ನೊಡನೆ ಅವರಾಡಿದ ಮೊದಲ ಪೂರ್ತಿ ವಾಕ್ಯ ಆವತ್ತಿನದು.

"ನಿನ್ನ ಕಣ್ಣು ಸ್ವಲ್ಪ ಬೇಕಿತ್ತು."

ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ. ಎರಡೆರಡು ಹಿತ್ತಾಳೆ ನಾಲಗೆಗಳ ನಡುವೆ ಒಂದೊಂದು ಪಿಂಗಾಣಿ ಕಡ್ಡಿ, ಕಡ್ಡಿಯ ಮೈಗೆ ಒಂದೆಳೆ ತಗಡು. ಆ ತಗಡೇ ಫ್ಯೂಸು. ಅಂಥವು ಎಂಟು. ನಾಲಗೆಗಳೆಲ್ಲ ಹಸಿರುಗಟ್ಟಿ ಹೋಗಿದ್ದವು. ಕರೆಂಟು ಬಂದರೂ ಈ ಕಿಲುಬು ದಾಟಿ ಆಚೆ ಹೋಗುವುದಿಲ್ಲ ಎಂದು ಮಾವ ವಿವರಿಸಿದರು. ಮೊದಲು ಬ್ಯಾಟರಿಯ ವಯರು ಬಿಚ್ಚಬೇಕು. ಆಮೇಲೆ ಯಾವ ವಯರು ಎಲ್ಲಿ ಎಂದು ಚಿತ್ರ ಬರೆದುಕೊಳ್ಳಬೇಕು. ನಾನು ಹಳೆ ಮದುವೆ ಕರೆಯ ಕಾಗದದ ಹಿಂಬದಿಯಲ್ಲಿ ಬರೆದುಕೊಂಡೆ: ಅರಸಿನ, ಗಿಳಿಹಸಿರು, ಮಾಸಿದ ಗುಲಾಬಿ. ಓದಿ ಹೇಳಿದಾಗ ಮಾವ, ಇದು ವಯರಿಂಗೋ ಸೀರೆ ಅಂಗಡಿಯೋ ಎಂದು ಕೇಳಿದರು. ಅವರಿಗೆ ತಮಾಷೆ ಬರುತ್ತದೆ ಎಂದು ನನಗೆ ಗೊತ್ತಾದದ್ದು ಆಗ.

ಒಂದೊಂದೇ ನಾಲಗೆಯನ್ನು ಸ್ಯಾಂಡ್ ಪೇಪರಿನಿಂದ ಹಗುರವಾಗಿ ತಿಕ್ಕುವುದು, ಸಡಿಲವಾದದ್ದನ್ನು ಇಕ್ಕಳದಿಂದ ಸ್ವಲ್ಪ ಒಳಕ್ಕೆ ಬಗ್ಗಿಸುವುದು. ನನಗೆ ಇದು ಬಹಳ ನಿಧಾನ ಎನಿಸಿತು. ತವರಿನಲ್ಲಿ ದೀಪ, ಚೆಂಬು, ಹಂಡೆ ಎಲ್ಲವನ್ನೂ ಪುನರ್ಪುಳಿ ಹಣ್ಣಿನ ಹುಳಿ ಸಿಪ್ಪೆ ಮತ್ತು ಉಪ್ಪು ಹಾಕಿ ಫಳಫಳ ಮಾಡುತ್ತಿದ್ದವಳು ನಾನು. ಹಿತ್ತಾಳೆ ಎಲ್ಲಿದ್ದರೂ ಹಿತ್ತಾಳೆಯೇ ತಾನೆ? ಮಾವ ಮಲಗಿದ್ದ ಒಂದು ಮಧ್ಯಾಹ್ನ ಉಳಿದ ಅಷ್ಟನ್ನೂ ಹುಳಿಯಲ್ಲಿ ತಿಕ್ಕಿ, ಒದ್ದೆ ಬಟ್ಟೆಯಲ್ಲಿ ಒರೆಸಿಬಿಟ್ಟೆ. ಚಿನ್ನದ ಹಾಗೆ ಹೊಳೆಯಿತು. ಆ ಸಂಜೆಯೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ನಾಲ್ಕನೇ ದಿನಕ್ಕೆ ಮೊದಲಿಗಿಂತ ದಪ್ಪ ಕಿಲುಬು ಬಂತು. ಸಂದಿಯಲ್ಲಿ ಉಳಿದ ಹುಳಿ ಅದರ ಕೆಲಸ ಅದು ಮಾಡಿತ್ತು. ಅಳು ಬರುವುದೊಂದು ಬಾಕಿ. ಮಾವ ಬೈಯಲಿಲ್ಲ. ನಾಲಗೆಯ ಮೇಲೆ ಬೆರಳಾಡಿಸಿ, ಮೂಸಿ ನೋಡಿ, "ಸಾರಿಗೆ ಒಗ್ಗರಣೆ ಹಾಕ್ಲಿಕ್ಕೆ ಬಾಕಿ ಉಂಟಾ?" ಎಂದು ಕೇಳಿದರು. ಆಮೇಲೆ ಸೋಡಾಪುಡಿಯ ನೀರಲ್ಲಿ ಬ್ರಷ್ ಅದ್ದಿ ತೊಳೆಸಿದರು, ಎರಡು ದಿನ ಒಣಗಿಸಿದರು, ಮತ್ತೆ ಮೊದಲಿನಿಂದ ತಿಕ್ಕಿಸಿದರು. ಕೊನೆಗೆ ಕಿಲುಬು ಮರಳದ ಹಾಗೆ ವ್ಯಾಸಲಿನ್ ಸವರಿ, ಪುತ್ತೂರಿನಿಂದ ತರಿಸಿದ ಹೊಸ ಫ್ಯೂಸು ಕೂರಿಸಿದೆವು.

ಸುಳ್ಯದವರು ಬರುವ ಹಿಂದಿನ ದಿನ, ಶನಿವಾರ ಮಧ್ಯಾಹ್ನ, ಎಲ್ಲವೂ ಸರಿಯಾಯಿತು. ಮಾವ ಒಂದೇ ಒಂದು ಸಲ ಹಾರ್ನ್ ಹೊಡೆದು, ಸ್ಟಿಯರಿಂಗಿನ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದರು. ಆ ಮನೆಯಲ್ಲಿ ನನಗೆ ಒಬ್ಬರು ಕೂರಿಸಿಕೊಂಡು ಏನನ್ನಾದರೂ ಕಲಿಸಿದ್ದು ಆ ಮೂರು ವಾರದಲ್ಲೇ. ಕಾರು ಹೋದರೆ ನಾವಿಬ್ಬರೂ ಮತ್ತೆ ಕಾಫಿ ಲೋಟಕ್ಕೆ ಮರಳಬೇಕು. ನಿಮ್ಮಲ್ಲಿ ಮುಚ್ಚಿಡುವುದೇನು, ಸಂಜೆ ಮಾವ ಸ್ನಾನಕ್ಕೆ ಹೋದಾಗ ನಾನು ಲೈಟಿನ ಫ್ಯೂಸು ಕಿತ್ತು ಸಾಸಿವೆ ಡಬ್ಬಿಯಲ್ಲಿ ಹಾಕಿಟ್ಟೆ.

ಭಾನುವಾರ ಬೆಳಗ್ಗೆ ಇವರು, ನನ್ನ ಗಂಡ, ಎಂದಿಲ್ಲದ ಉತ್ಸಾಹದಲ್ಲಿ ಎದ್ದು, ಕಾರನ್ನು ಒಮ್ಮೆ ನೋಡಿ ಬರುತ್ತೇನೆ ಎಂದು ಶೆಡ್ಡಿಗೆ ಹೋದರು. ಮಾರುವ ಆತುರ ನೋಡಿ ಎಂದು ನನಗೆ ಮೈಯೆಲ್ಲ ಉರಿಯಿತು. ಹತ್ತು ಗಂಟೆಗೆ ಸುಳ್ಯದವರು ಬಂದರು. ಸ್ವಿಚ್ ಒತ್ತಿದರು, ಲೈಟು ಬರಲಿಲ್ಲ. ಅದು ನನಗೆ ಗೊತ್ತಿದ್ದದ್ದೇ. ಹಾರ್ನ್ ಒತ್ತಿದರು, ಅದೂ ಇಲ್ಲ. ವೈಪರ್ ಅಲುಗಲೇ ಇಲ್ಲ. ಪುನರ್ಪುಳಿ ಮತ್ತೆ ಕೈಕೊಟ್ಟಿತೇ ಎಂದು ಹೆದರಿದೆ. ಒಂದಾದರೆ ನೋಡಬಹುದಿತ್ತು, ಇದು ಮೂರೂ ಇಲ್ಲ ಮಾರಾಯ್ರೆ ಎಂದು ಅವರು ಮರ್ಯಾದೆಯಿಂದಲೇ ಹೇಳಿ, ಶರಬತ್ತು ಕುಡಿದು ಹೊರಟುಹೋದರು. ಇವರು ಮುಖ ತಗ್ಗಿಸಿಕೊಂಡು ಒಳಗೆ ಹೋದರು.

ಸಂಜೆ ನಾನು ಫ್ಯೂಸು ಹಿಡಿದು ಮೆಲ್ಲನೆ ಶೆಡ್ಡಿಗೆ ಹೋದರೆ ಮಾವ ಅಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಕನ್ನಡಕದ ಪೆಟ್ಟಿಗೆ, ಅದರೊಳಗೆ ಒಂದು ಫ್ಯೂಸು.

"ನಿಂದು ಯಾವುದು?" ಎಂದರು.

"ಲೈಟಿಂದು, ಮಾವ."

"ನಂದು ಹಾರ್ನಿಂದು."

ಎರಡನ್ನೂ ಕೂರಿಸಿದೆವು. ವೈಪರಿನ ಜಾಗವೂ ಖಾಲಿ ಇತ್ತು. ಮಾವ ನನ್ನತ್ತ ತಿರುಗಿದರು, ನಾನು ಅವರತ್ತ ನೋಡಿದೆ. ಒಂದು ಸಾಲದೆಂದು ಎರಡು ಕಿತ್ತಿದ್ದಾರೆ, ಕೇಳಿ ನಾಚಿಸುವುದು ಬೇಡ ಎಂದು ನಾನು ಸುಮ್ಮನಾದೆ. ಅವರೂ ನನ್ನ ಬಗ್ಗೆ ಹಾಗೆಯೇ ಎಣಿಸಿರಬೇಕು. ಹೊಸದೊಂದನ್ನು ಸಿಕ್ಕಿಸಿ, ನಾಳೆಯಿಂದ ನೀನು ಕಾರು ಕಲಿ, ಓಡದೆ ನಿಂತರೆ ಪುನಃ ಕಿಲುಬು ಹಿಡಿಯುತ್ತದೆ ಎಂದರು.

ಕಲಿತೆ. ಮಾವ ಪಕ್ಕದ ಸೀಟಿನಲ್ಲಿ ಕೂತು, ಎಂಜಿನ್ನಿನ ಸದ್ದು ಕೇಳಿಯೇ ಗೇರು ಬದಲಿಸು ಎನ್ನುತ್ತಿದ್ದರು. ಹೀಗೆ ಹನ್ನೊಂದು ವರ್ಷ ಕಡಬ, ಸುಳ್ಯ, ಪುತ್ತೂರು ಸುತ್ತಿದೆವು. ಇವರು ಮಾತ್ರ ಒಂದು ದಿನವೂ ಆ ಕಾರು ಹತ್ತಲಿಲ್ಲ. ಎಲ್ಲಿಗೆ ಹೋಗುವುದಿದ್ದರೂ ಸ್ಕೂಟರು. ನನ್ನ ಡ್ರೈವಿಂಗಿಗೆ ಹೆದರುತ್ತಾರೆ ಎಂದು ನಾನು, ಮಾವ ಸೇರಿ ಎಷ್ಟು ನಕ್ಕಿದ್ದೇವೋ.

ಮಾವ ಹೋಗಿ ವರ್ಷವಾಯಿತು. ಇನ್ನೇಕೆ ಗುಟ್ಟು ಎಂದು, ರಿಮೋಟ್ ಸರಿಮಾಡಿ ಇಷ್ಟನ್ನು ಬರೆದು, ಮಧ್ಯಾಹ್ನ ಇವರಿಗೆ ಓದಿ ಹೇಳಿದೆ. ನಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಅವರು ನೆಲ ನೋಡುತ್ತ ಕೂತಿದ್ದರು.

"ವೈಪರಿಂದು ಅಪ್ಪ ಅಲ್ಲ, ನಾನು," ಎಂದರು.

ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಕಿತ್ತಿದ್ದರಂತೆ. ಅದರಿಂದಲೇ ಉಳಿದ ಎರಡೂ ಕೆಟ್ಟವು, ನಮ್ಮ ಮೂರು ವಾರದ ಕೆಲಸ ಬಂದವರೆದುರು ತನ್ನಿಂದ ಹಾಳಾಯಿತು ಎಂದು ಇಷ್ಟು ವರ್ಷ ನಂಬಿದ್ದರಂತೆ. ಮತ್ತೆ ಕಾರು ಹತ್ತಲು ಯಾವ ಮುಖ ಎಂದರು. ಮಾರಬೇಕು ಅಂದದ್ದೇ ನೀವಲ್ಲವೇ ಎಂದು ಕೇಳಿದೆ.

"ಹೌದು. ಆ ದಿನ ನಾನು ಶೆಡ್ಡಿಗೆ ಹೋಗುವಾಗ ಅಪ್ಪ ಆಗಲೇ ಕಾರು ಒರೆಸಿ ಆಗಿತ್ತು. ಕಾರು ಹೋದ್ರೆ ಇವರು ನಾಳೆ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುದು ಅಂತ ಅನಿಸಿತು."

ನಿಮ್ಮ ಬಗ್ಗೆ ಬರೆದದ್ದನ್ನೆಲ್ಲ ಹೊಡೆದು ಹಾಕಲೇ ಎಂದೆ. ಬೇಡ, ಹಾಗೇ ಇರಲಿ ಎಂದರು. ಆಮೇಲೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದು, ಕಾರು ತೆಗಿ ಎಂದು ಹೇಳಿ, ನನ್ನ ಪಕ್ಕದ ಸೀಟಿನಲ್ಲಿ ಕೂತರು.