ನಗಲೊಲ್ಲದ ಬುದ್ಧರು

ಮೂರ್ತಿಯ ಮಂಡಿಯನ್ನು ಕೊನೆಯ ಸಲ ಒರೆಸಲು ಬಗ್ಗಿದಾಗ ಮೂರ್ತಿಕಾರನ ಪ್ಯಾಂಟು ಹಿಂದುಗಡೆ ಪರ್ರೆಂದು ಹರಿಯಿತು. ಹಿಂದೆ ನಿಂತಿದ್ದವರು ವಿಹಾರದ ಹಿರಿಯ ಭಿಕ್ಷು, ಜೊತೆಗೆ ದಾನಿಗಳು. ತಿರುಗಿದರೆ ಬುದ್ಧನಿಗೆ ಬೆನ್ನು ತೋರಿಸಿದಂತೆ. ತಿರುಗದಿದ್ದರೆ ದಾನಿಗಳಿಗೆ ಅದಕ್ಕಿಂತ ಹೆಚ್ಚಿನದನ್ನು ತೋರಿಸಿದಂತೆ. ಆತ ಏಡಿಯಂತೆ ಅಡ್ಡಡ್ಡ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತ. ಯಾರೂ ನಗಲಿಲ್ಲ. ಎಲ್ಲರ ಕಣ್ಣೂ ಬುದ್ಧನ ಬಾಯಿಯ ಮೇಲಿತ್ತು.

"ಇದೂ ಅಳ್ತಾ ಇದೆಯಲ್ಲ," ಎಂದರು ಭಿಕ್ಷು. "ನಾಲ್ಕನೇದು. ಇನ್ನೊಂದು ನೋಡೋಣ. ಅದೂ ಹೀಗೇ ಆದರೆ ಕೆಲಸ ಬೇರೆಯವರಿಗೆ."

ಆತ ನಲವತ್ತು ವರ್ಷ ಮರದಲ್ಲಿ ಬುದ್ಧನನ್ನೇ ಕಡೆದವನು, ಬೇರೆ ಕಸುಬು ಗೊತ್ತಿಲ್ಲ. ಹಣೆ ಇಷ್ಟು ಬೆರಳು, ಮೂಗು ಇಷ್ಟು ಬೆರಳು ಎಂಬ ಅಳತೆ ಅಪ್ಪನಿಂದ ಬಂದದ್ದು. ಮೂರ್ತಿಯಲ್ಲಿ ಕಡೆದವನ ಹೆಸರೂ ಇರಬಾರದು, ಹಣೆಬರಹವೂ ಇರಬಾರದು. ಹೆಂಡತಿ ಸತ್ತ ಮೇಲೂ ಅಳತೆಯೇನೂ ತಪ್ಪಿರಲಿಲ್ಲ. ತುಟಿಯ ತುದಿಗೆ ಉಳಿ ಬಂದಾಗ ಮಾತ್ರ ಕೈ ಕೂದಲೆಳೆಯಷ್ಟು ಕೆಳಗೆ ಜಾರುತ್ತಿತ್ತು.

ಕೆಟ್ಟ ಮೂರ್ತಿಯನ್ನು ಒಡೆಯುವಂತಿಲ್ಲ, ಒಲೆಗೆ ಹಾಕುವಂತಿಲ್ಲ. ಕೆಟ್ಟರೂ ಬುದ್ಧ ಬುದ್ಧನೇ. ಹಾಗಾಗಿ ನಾಲ್ವರೂ ಮನೆಯಲ್ಲೇ ಠಿಕಾಣಿ ಹೂಡಿದರು. ಹೆಂಡತಿ ಎರಡು ವರ್ಷ ನರಳಿದ ಕೋಣೆಯಲ್ಲಿ, ಅವಳ ಖಾಲಿ ಮಂಚದ ಸುತ್ತ, ಹೆಣ ಕಾಯುವ ನೆಂಟರಂತೆ.

"ಸಾವಿನ ಮನೆಗೆ ಬಂದೋರು ಮೂರು ದಿನಕ್ಕೆ ಹೊರಡ್ತಾರೆ ಮಾವ. ಇವರು ಜಪ್ಪಯ್ಯ ಅಂದ್ರೂ ಏಳಲ್ಲ," ಎಂದಳು ಸೊಸೆ. ಆ ಎರಡು ವರ್ಷ ಅತ್ತೆಯ ಹೇಲುಚ್ಚೆ ಬಳಿದವಳು ಅವಳೇ, ಬೈಗುಳ ತಿಂದವಳೂ ಅವಳೇ. ಮದುವೆಯಾಗಿ ಬಂದಾಗಿನಿಂದ ಮೂರ್ತಿಗಳಿಗೆ ಮರಳುಕಾಗದ ಉಜ್ಜುತ್ತಾ ಉಳಿ ಹಿಡಿಯುವುದನ್ನೂ ಕಲಿತಿದ್ದಳು.

"ಬಾಯಿ ಮುಚ್ಚು."

"ನನ್ನದು ಮುಚ್ತೀನಿ. ನೀವು ಬುದ್ಧನದನ್ನ ಸರಿಮಾಡಿ."

ಐದನೆಯ ಬುದ್ಧನಿಗೆ ಬಾಯಿಯೊಂದು ಬಿಟ್ಟು ಎಲ್ಲವೂ ಆಯಿತು. ಮೂರು ದಿನ ಆತ ಉಳಿ ಹಿಡಿದು ಸುಮ್ಮನೆ ಕೂತ. ನಾಲ್ಕನೆಯ ದಿನ ಅದನ್ನು ಕೆಳಗಿಟ್ಟು, ಒಳಗೆ ಹೋಗಿ, ಹೆಂಡತಿಯ ಮಂಚದ ಮೇಲೆ ಗೋಡೆಗೆ ಮುಖಮಾಡಿ ಮಲಗಿಬಿಟ್ಟ.

ವಾರ ಕಳೆದು ಭಿಕ್ಷು ಬಂದರು. ಐದನೆಯವನು ನಗುತ್ತಿದ್ದ. ಹಲ್ಲು ಕಾಣದ, ಸದ್ದು ಮಾಡದ, ಎಲ್ಲ ಭಾರವನ್ನೂ ಇಳಿಸಿ ಕೂತವರ ನಗು. ಭಿಕ್ಷುವಿನ ಕಣ್ಣು ತುಂಬಿತು.

"ಇಷ್ಟು ದುಃಖದಲ್ಲಿ ಈ ಶಾಂತಿ ನಿಮ್ಮ ಕೈಗೆ ಹೇಗೆ ಬಂತು?"

ಮಾತಾಡದೆ ಕೈಮುಗಿದಿದ್ದರೆ ಕೆಲಸ ಉಳಿಯುತ್ತಿತ್ತು. ಆದರೆ ಮೂರ್ತಿ ವಿಹಾರ ಸೇರುವ ತನಕ ಸುಳ್ಳಾಡುವುದಿಲ್ಲ ಎಂಬ ವ್ರತ ಹಿಡಿದೇ ಉಳಿ ಮುಟ್ಟಿದ್ದವನು ಆತ.

"ತುಟಿ ನನ್ನ ಕೈಯದಲ್ಲ ಭಂತೇ, ಸೊಸೆಯದು," ಎಂದ. "ಅವಳಿಗೆ ಅತ್ತೆ ಹೋಗಿದ್ದು ಅಷ್ಟೇನೂ ಬೇಜಾರಾಗಿರಲಿಲ್ಲ."